ಅರ್ಜಿಯ ನಾಲ್ಕನೆಯ ಕಲಮು

ಪುಣೆಯಿಂದ ಯರವಡೆ ದಾಟಿ ಅಹಮದನಗರದ ರಸ್ತೆ ಹಿಡಿದರೆ ಎಡಕ್ಕೆ ಒಂದು ಬೋಳು ದಿಬ್ಬ. 1944ರಲ್ಲಿ ಅದರ ಮೇಲೆ ಇಪ್ಪತ್ತರಷ್ಟು ಮನೆಗಳಿದ್ದವು. ಹೆಚ್ಚಿನವು ಪಿಂಚಣಿದಾರರವು. ಪೇಟೆಯ ವಾಡೆಗಳಲ್ಲಿ ಒಂದೇ ನಲ್ಲಿಯ ಮುಂದೆ ಕೊಡ ಹಿಡಿದು ನಿಂತು ಬೇಸತ್ತವರು, ಜಾಗ ಅಗ್ಗ, ಮೇಲಾಗಿ ಸದ್ದುಗದ್ದಲವಿಲ್ಲ ಎಂದು ಇಲ್ಲಿಗೆ ಬಂದಿದ್ದರು. ಗೋಡೆಯ ಗಾರೆ ಒಣಗುವಷ್ಟರಲ್ಲಿ ಯುದ್ಧ ಶುರುವಾಯಿತು. ಲೋಹಗಾಂವದ ಬಯಲಿನಲ್ಲಿ ವಿಮಾನ ಇಳಿಯುವ ಪಟ್ಟಿ ಬಂತು. ಮೊದಮೊದಲು ಮನೆಯವರೆಲ್ಲ ಮಾಳಿಗೆ ಹತ್ತಿ ವಿಮಾನ ನೋಡಿದರು. ಎರಡು ಎಂಜಿನ್ನಿನ ಬಾಂಬರುಗಳು ಬೆಳಗಿನ ಜಾವ ಹೆಂಚಿನ ಮೇಲೇ ಹಾದು ಏಳತೊಡಗಿದ ಮೇಲೆ ಯಾರೂ ಹತ್ತಲಿಲ್ಲ.

ಮನೆಮಾಲೀಕರು ಒಂದು ಸಮಿತಿ ಮಾಡಿಕೊಂಡರು. ಅಧ್ಯಕ್ಷ ಮಲಕಪ್ಪ, ಗೋಕಾಕದ ಕಡೆಯವರು, ಸರಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ಕಾರ್ಯದರ್ಶಿ ಅವಧೂತ, ಪಕ್ಕದ ಮನೆಯ ನಿವೃತ್ತ ಹೆಡ್ ಮಾಸ್ತರ. ಕಲೆಕ್ಟರರಿಗೆ ಕೊಡುವ ಅರ್ಜಿಯನ್ನು ಬರೆದವರು ಅವಧೂತರು. ಅದರಲ್ಲಿ ನಾಲ್ಕು ಕಲಮುಗಳಿದ್ದವು. ಗೋಡೆಗಳು ಬಿರುಕು ಬಿಟ್ಟಿವೆ. ಹೆಂಚುಗಳು ಸರಿದು ಮಳೆ ಸೋರುತ್ತಿದೆ. ಕೂಸುಗಳು ಬೆಚ್ಚಿ ಎದ್ದು ಅಳುತ್ತವೆ. ನಾಲ್ಕನೆಯದು ಹೀಗಿತ್ತು: "ವಿಮಾನಗಳ ಸದ್ದಿನಿಂದ ಇಲ್ಲಿಯ ಒಬ್ಬ ತರುಣಿ ಶ್ರವಣಶಕ್ತಿಯನ್ನೇ ಕಳೆದುಕೊಂಡಿದ್ದಾಳೆ." ಹೆಸರು ಹಾಕಿರಲಿಲ್ಲ. ಹಾಕಬೇಡಿರೆಂದು ಮಲಕಪ್ಪನವರು ಕೇಳಿಕೊಂಡಿದ್ದರು, ಏಕೆಂದರೆ ಆ ತರುಣಿ ಅವರ ಮಗಳು ಕುಸುಮ.

ಕಲಮು ಸುಳ್ಳು. ಕುಸುಮಳ ಕಿವಿ ಹೋದದ್ದು ವಿಷಮಜ್ವರದಿಂದ, ಅವರು ಇನ್ನೂ ರವಿವಾರ ಪೇಟೆಯಲ್ಲಿದ್ದಾಗ, ಅವಳು ಮರಾಠಿ ಏಳನೆಯ ಇಯತ್ತೆ ಮುಗಿಸಿದ ವರ್ಷ. ಆಗ ಲೋಹಗಾಂವದಲ್ಲಿ ಜೋಳವಲ್ಲದೆ ಬೇರೇನೂ ಇರಲಿಲ್ಲ. ದಿಬ್ಬಕ್ಕೆ ಬಂದ ಮೇಲೆ ಒಮ್ಮೆ ಅವಧೂತರ ಹೆಂಡತಿ ಸುಲಭಾ ಬಾವಿಕಟ್ಟೆಯಿಂದ ಎಷ್ಟು ಕೂಗಿದರೂ ಹುಡುಗಿ ತಿರುಗಿ ನೋಡಲಿಲ್ಲ. ಸುಲಭಾ ಬಂದು ಕೇಳಿದಾಗ ಮಲಕಪ್ಪನವರ ಬಾಯಿಂದ, "ಈ ವಿಮಾನಗಳು ಬಂದಾಗಿನಿಂದ ಹೀಗಾಗಿದೆ" ಎಂಬ ಮಾತು ಹೊರಟಿತು. ಹುಟ್ಟು ದೋಷವೋ, ಮನೆತನದ ಕಾಯಿಲೆಯೋ ಎಂದು ಯಾರೂ ಮುಂದೆ ಕೇಳಬಾರದೆಂದು ಆಡಿದ ಮಾತು ಅದು. ಅವಧೂತರು ಅದನ್ನು ಕೇಳಿ ಕಣ್ಣಲ್ಲಿ ನೀರು ತಂದುಕೊಂಡರು. ಸಮಿತಿ ಮಾಡೋಣ ಎಂದವರು ಅವರೇ.

ಕುಸುಮ ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ಕನ್ನಡವನ್ನೂ ತಿಳಿಯುತ್ತಿದ್ದಳು, ಮರಾಠಿಯನ್ನೂ. ಗಡ್ಡ ಮೀಸೆ ದಟ್ಟವಾಗಿದ್ದವರ ಮಾತು ಮಾತ್ರ ಕಷ್ಟ.

ಎರಡು ಕಡೆಯವರಿಗೆ ನಿಜ ಹೇಳಿ ಎರಡು ಸಂಬಂಧ ಮುರಿದಿದ್ದವು. ಮೂರನೆಯದು ಬೆಳಗಾವಿಯ ಕಾಡಪ್ಪನವರ ಮನೆತನದಿಂದ ಬಂತು. ಮಗ ಬಾಳು ಪುಣೆಯ ಕ್ಯಾಂಪಿನಲ್ಲಿ ಒಂದು ಔಷಧ ವ್ಯಾಪಾರಿಯ ಹತ್ತಿರ ಗುಮಾಸ್ತ.

"ಈ ಸಲಾನೂ ಹೇಳಿಬಿಡೂಣ್ರಿ. ಎದಿ ಹಗರ ಆಗ್ತದ" ಎಂದರು ಹೆಂಡತಿ ಭೀಮವ್ವ.

"ಹೇಳಿದ್ವೆಲ್ಲ ಎರಡ ಸಲ, ಏನಾತು? ಬಿಜಾಪುರದಾವ್ರು ಕಪ್ಪಿನ್ಯಾಗಿನ ಚಹಾ ಸುದ್ದಾ ಮುಟ್ಟಲಿಲ್ಲ. ಮದುವಿ ಆಗ್ಲಿ, ಹುಡುಗಿ ಗುಣಾ ನೋಡಿದ ಮ್ಯಾಲೆ ಅವರಽ ಸುಮ್ಮನಾಗ್ತಾರ."

"ಬಂದಾಗ ತಿಳೀದಽ ಇರತದೇನು?"

"ಮಧ್ಯಾಹ್ನ ಕರಸ್ತೀನಿ" ಎಂದರು ಮಲಕಪ್ಪ.

ಭೀಮವ್ವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಊಟದ ಹೊತ್ತು ಕಳೆದ ಮೇಲೆ ವಿಮಾನದವರು ಎಂಜಿನ್ನುಗಳನ್ನು ಪರೀಕ್ಷೆಗೆ ಹಚ್ಚುತ್ತಿದ್ದರು. ಸಂಜೆಯವರೆಗೆ ದಿಬ್ಬದ ಮೇಲೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಎಲ್ಲರೂ ಕಿವುಡರಾಗುವ ಹೊತ್ತಿನಲ್ಲಿ ತಮ್ಮ ಮಗಳೊಬ್ಬಳೇ ಬೇರೆಯಾಗಿ ಕಾಣುವುದಿಲ್ಲ ಎಂಬುದು ಅವರ ಲೆಕ್ಕ. ಯಾವ ಸದ್ದಿನ ಮೇಲೆ ಅರ್ಜಿ ಕೊಟ್ಟಿದ್ದರೋ ಅದನ್ನೇ ಅವರು ಆ ದಿನ ಕಾಯುತ್ತ ಕುಳಿತರು.

ಹೆಣ್ಣು ನೋಡುವಾಗ ಕೇಳುವ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಹೆಸರೇನು, ಎಷ್ಟು ಓದಿದ್ದಿ, ಅಡುಗೆ ಏನೇನು ಬರುತ್ತದೆ, ತಾಯಿಯ ತವರು ಯಾವುದು. ಗೋಕಾಕದಲ್ಲೂ ಇದೇ, ಬೆಳಗಾವಿಯಲ್ಲೂ ಇದೇ. ಮಲಕಪ್ಪನವರು ಮಗಳನ್ನು ಎದುರು ಕೂರಿಸಿಕೊಂಡು ಆ ಕ್ರಮವನ್ನೇ ಬಾಯಿಪಾಠ ಮಾಡಿಸಿದರು. ಮುಖ ಎತ್ತಿ ಪರರ ಬಾಯಿ ದಿಟ್ಟಿಸುವುದು ಆ ಹೊತ್ತಿಗೆ ಒಪ್ಪುವುದಿಲ್ಲ, ಆದ್ದರಿಂದ ತಲೆ ತಗ್ಗಿಸಿಯೇ ಇರಬೇಕು; ತಾಯಿ ಬೆನ್ನಿಗೆ ಬೆರಳು ಒತ್ತಿದಾಗ ಮುಂದಿನ ಉತ್ತರ ಹೇಳಬೇಕು. ಕುಸುಮ ಒಮ್ಮೆ ಕೇಳಿದಳು: "ಅವರು ಬ್ಯಾರೆ ಏನರ ಕೇಳಿದ್ರ?"

"ಕೇಳೂದಿಲ್ಲ" ಎಂದರು ತಂದೆ.

ಬೀಗರು ಬಂದ ದಿನ ಎಂಜಿನ್ನುಗಳು ಹೊತ್ತಿಗೆ ಸರಿಯಾಗಿ ಶುರುವಾದವು. ಕಪ್ಪು ಬಸಿಗಳು ತಟ್ಟೆಯ ಮೇಲೆ ಗಲಗಲಿಸಿದವು. ಕಾಡಪ್ಪ ದೊಡ್ಡ ರುಮಾಲಿನ, ನಗೆಯ ಮನುಷ್ಯ. ಎರಡೂ ಕೈ ಬಾಯಿಗೆ ಒಡ್ಡಿ ಕೂಗಿದರು: "ಬೀಗರ, ನೀವು ಮನಿ ಕಟ್ಟೀರೋ ಗಿರಣಿ ಕಟ್ಟೀರೋ? ಗಂಡಾ ಹೆಂಡತಿ ಜಗಳ ಆಡಾಕ ಭಾಳ ಛೊಲೋ ಜಾಗಾ! ಮಂದಿಗೆ ಒಂದಽ ಮಾತು ಕೇಳಸೂದಿಲ್ಲ!"

"ಅದಕ್ಕಽ ಅರ್ಜಿ ಕೊಟ್ಟೀವ್ರಿ!" ಎಂದು ಮಲಕಪ್ಪನವರೂ ಕೂಗಿದರು.

"ಏನಂದ್ರಿ?"

"ಅರ್ಜಿ!"

"ಹಾಂ, ಬಜ್ಜಿ ಭಾಳ ಛೊಲೋ ಆಗ್ಯಾವ್ರಿ!"

ಎಲ್ಲರೂ ನಕ್ಕರು. ಬಾಳು ಮಾತ್ರ ನೆಲ ನೋಡುತ್ತ ಕುಳಿತಿದ್ದ. ಕಾಡಪ್ಪನವರ ಹೆಂಡತಿ ಗೌರಾಬಾಯಿ ಕುಸುಮಳ ಪಕ್ಕಕ್ಕೆ ಸರಿದು ಹೆಸರು ಕೇಳಿದರು, ಓದು ಕೇಳಿದರು, ಅಡುಗೆ ಕೇಳಿದರು. ಉತ್ತರಗಳು ಸರಿಯಾಗಿ ಬಂದವು. ಆಮೇಲೆ ಅವರು ಹುಡುಗಿಯ ಕೈ ಹಿಡಿದು, ಕಿವಿಯ ಹತ್ತಿರ ಬಾಗಿ, ಕ್ರಮದಲ್ಲಿಲ್ಲದ ಒಂದು ಪ್ರಶ್ನೆ ಕೇಳಿದರು: "ನಮ್ಮ ಹುಡುಗ ನಿನ್ನ ಮನಸ್ಸಿಗೆ ಬಂದಾನೇನವಾ?"

ಭೀಮವ್ವನ ಬೆರಳು ಬೆನ್ನಿಗೆ ಒತ್ತಿತು. "ಗೋಕಾಕ್ರಿ" ಎಂದಳು ಕುಸುಮ.

ಮಲಕಪ್ಪನವರು "ಈ ವಿಮಾನದ ಸದ್ದಿನ್ಯಾಗ ಏನ್ ಕೇಳತದ್ರಿ!" ಎಂದು ಅಗತ್ಯಕ್ಕಿಂತ ಜೋರಾಗಿ ನಕ್ಕರು. ಕಾಡಪ್ಪನೂ ನಕ್ಕರು. ಗೌರಾಬಾಯಿ ನಗುತ್ತಲೇ ಹುಡುಗಿಯ ಮುಖವನ್ನು ಇನ್ನೊಂದು ಗಳಿಗೆ ನೋಡಿದರು. ಎರಡು ದಿನ ಬಿಟ್ಟು ಒಪ್ಪಿಗೆ ಬಂತು. ಬರುವ ರವಿವಾರ ಹಿರಿಯರಿಬ್ಬರೇ ಬಂದು ಹುಡುಗಿಗೆ ಉಡಿ ತುಂಬಿ ಮಾತು ಗಟ್ಟಿ ಮಾಡುವುದೆಂದಾಯಿತು.

ಅದೇ ವಾರ ಅರ್ಜಿಗೂ ಉತ್ತರ ಬಂತು. ಪ್ರಾಂತ ಅಧಿಕಾರಿ ಶುಕ್ರವಾರ ಖುದ್ದಾಗಿ ಸ್ಥಳ ನೋಡುವವರಿದ್ದರು. ಶುಕ್ರವಾರ ಬೇರೆ ಕೆಲಸ ಬಿದ್ದು ರವಿವಾರ ಮುಂಜಾನೆಗೆ ಮುಂದೂಡಿದರು. ಮಲಕಪ್ಪನವರಿಗೆ ಅದರಿಂದ ಕಳವಳವೇನೂ ಆಗಲಿಲ್ಲ. ನಾಲ್ಕನೆಯ ಕಲಮಿನಲ್ಲಿ ಹೆಸರಿಲ್ಲವಲ್ಲ.

ರವಿವಾರ ಬೀಗರು ಬೇಗನೇ ಬಂದರು. ತಮ್ಮ ಬೀಗರು ಸರಕಾರದ ಅಧಿಕಾರಿಯ ಮುಂದೆ ಮಾತಾಡುವುದನ್ನು ನೋಡಬೇಕೆಂದು ಕಾಡಪ್ಪನವರಿಗೆ ಹುಮ್ಮಸ್ಸು. ವಿಚಾರಣೆ ಅವಧೂತರ ಪಡಸಾಲೆಯಲ್ಲಿ. ಗಂಡಸರು ಜಮಖಾನೆಯ ಮೇಲೆ ಕುಳಿತರು. ಹೆಂಗಸರು ನಡುಮನೆಯ ಬಾಗಿಲಲ್ಲಿ ನಿಂತರು. ಅವರ ನಡುವೆ ಕುಸುಮಳೂ ಇದ್ದಳು, ಉಡಿ ತುಂಬಿಸಿಕೊಳ್ಳಲು ಉಟ್ಟ ಇಳಕಲ್ಲ ಸೀರೆಯಲ್ಲಿ.

ಅವತ್ತು ಮುಂಜಾನೆ ಒಂದು ವಿಮಾನವೂ ಏಳಲಿಲ್ಲ.

ಪ್ರಾಂತ ಸಾಹೇಬರು ಕುರ್ಚಿಯಲ್ಲಿ ಕುಳಿತು ಕಾದರು. ಚಹಾ ಕುಡಿದರು, ಮತ್ತೆ ಕಾದರು. ಬೇವಿನ ಗಿಡದಲ್ಲಿ ಕಾಗೆ ಕೂಗಿತು. "ಸದ್ಯಕ್ಕಂತೂ ನಿಮ್ಮ ದೂರು ಈ ಕಾಗೆಯ ಮೇಲೆಯೇ ಆಗಬೇಕು" ಎಂದು ಮರಾಠಿಯಲ್ಲಿ ಹೇಳಿ ಅರ್ಜಿ ಬಿಡಿಸಿದರು. ಅವರ ಮಾತಿನಲ್ಲಿ ಒರಟುತನವಿರಲಿಲ್ಲ. "ಗೋಡೆಗಳ ಬಿರುಕು ನೋಡಿದ್ದೇನೆ. ಕರಿಮಣ್ಣಿನ ಮೇಲೆ ಆಳ ಬುನಾದಿ ಇಲ್ಲದೆ ಕಟ್ಟಿದರೆ ವಿಮಾನ ಬೇಕಿಲ್ಲ. ಹೆಂಚು ಮಂಗಗಳಿಂದಲೂ ಸರಿಯುತ್ತವೆ. ಕೂಸುಗಳ ನಿದ್ದೆಗಾಗಿ ಬರ್ಮಾದ ಯುದ್ಧ ನಿಲ್ಲಿಸಿ ಎಂದು ನಾನು ಬರೆಯಲಾರೆ."

"ನಾಲ್ಕನೆಯದು ಬೇರೆ" ಎಂದರು ಆಮೇಲೆ. "ಮನುಷ್ಯನ ಅಂಗಕ್ಕೇ ಹಾನಿಯಾಗಿದ್ದರೆ ನನ್ನ ಕೈಯಲ್ಲಿ ಒಂದು ಆಧಾರ ಇದ್ದಂತಾಯಿತು. ಬೆಳಗಿನ ಜಾವ ಮನೆಗಳ ಮೇಲಿಂದ ಏಳಬೇಡಿ, ಆಚೆ ಮಗ್ಗುಲಿಂದ ಏಳಿರಿ ಎಂದು ಶಿಫಾರಸು ಮಾಡಬಲ್ಲೆ. ಅವರು ಕೇಳಿದರೂ ಕೇಳಬಹುದು. ಯಾರ ಮನೆಯ ಹುಡುಗಿ?"

ಮಲಕಪ್ಪನವರು ಜಮಖಾನೆಯ ಅಂಚು ನೋಡುತ್ತಿದ್ದರು. ಮೂರು ಕಲಮುಗಳು ಬಿದ್ದುಹೋಗಿದ್ದವು. ಉಳಿದ ಒಂದೂ ಕೈಬಿಟ್ಟು ಹೋಗುವುದನ್ನು ಅವಧೂತರಿಗೆ ನೋಡಲಾಗಲಿಲ್ಲ. ರುಮಾಲಿನ ಆ ಅಪರಿಚಿತ ಯಾರೆಂಬುದು ಅವರಿಗೆ ಗೊತ್ತಿರಲಿಲ್ಲ.

"ಹೇಳಲು ಅವರಿಗೆ ಸಂಕೋಚ, ಸಾಹೇಬ" ಎಂದರು. "ನಮ್ಮ ಅಧ್ಯಕ್ಷರ ಮಗಳೇ. ಬಂಗಾರದಂಥ ಹುಡುಗಿ. ಮಲಕಪ್ಪರಾವ್, ಹೇಳಿ, ನಾಚಿಕೆ ಏತಕ್ಕೆ? ನಿಮ್ಮದೇನು ತಪ್ಪು?"

ಸಾಹೇಬರು ತಿರುಗಿದರು. "ಹೌದೇ?"

ಮಲಕಪ್ಪ ಎದ್ದು ನಿಂತರು. ಎದುರಿಗೆ ಕಾಡಪ್ಪನವರ ಮುಖದಲ್ಲಿ ನಗೆ ಇನ್ನೂ ಪೂರ್ತಿ ಆರಿರಲಿಲ್ಲ. ಹೌದೆಂದರೆ ಸಂಬಂಧ ಹೋಯಿತು. ಅಲ್ಲವೆಂದರೆ ಅರ್ಜಿ ಹೋಯಿತು. ನಿಜ ಹೇಳಿದರೆ ಎರಡೂ ಹೋದವು. ಅವರಿಗೆ ಅಷ್ಟೇ ಕಂಡಿತು.

"ಇಲ್ಲ ಸಾಹೇಬ" ಎಂದರು. "ನನ್ನ ಮಗಳ ಕಿವಿಗೆ ಏನೂ ಆಗಿಲ್ಲ. ಅವಳಿಗೆ ಚೆನ್ನಾಗಿ ಕೇಳುತ್ತದೆ."

ಅವಧೂತರು ಅವರನ್ನು ನೋಡಿದರು. ಆಮೇಲೆ ಆ ರುಮಾಲನ್ನು, ಬಾಗಿಲಲ್ಲಿದ್ದ ಹೊಸ ಮುಖದ ಹೆಂಗಸನ್ನು, ಹುಡುಗಿಯ ಸೀರೆಯನ್ನು ನೋಡಿದರು. ಸಾಹೇಬರು ಕಾಗದದ ಮೇಲೆ ಬೆರಳಿಟ್ಟಿದ್ದರು.

"ಹಾಗಾದರೆ ಇದನ್ನು ಬರೆದವರು ಯಾರು?"

"ನಾನು" ಎಂದರು ಅವಧೂತರು. "ಯಾರೋ ಆಡಿದ ಮಾತು. ವಿಚಾರಿಸದೆ ಬರೆದುಬಿಟ್ಟೆ. ತಪ್ಪು ನನ್ನದು."

"ಹೆಡ್ ಮಾಸ್ತರರಾಗಿದ್ದವರು ನೀವು. ಹುಡುಗರು ಹೀಗೆ ಕಟ್ಟಿ ಬರೆದು ತಂದರೆ ಏನು ಮಾಡುತ್ತಿದ್ದಿರಿ?"

ಹಿಂದೆ ಯಾರೋ ಕಿಸಕ್ಕೆಂದರು. ಅವಧೂತರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು, ಮತ್ತೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು. ಸಾಹೇಬರು ಅರ್ಜಿಯ ಮೇಲೆ ಒಂದು ಸಾಲು ಗೀಚಿ, ಕಾರು ಹತ್ತಿ ಹೋದರು. ಮನೆಮಾಲೀಕರು ಅವಧೂತರತ್ತ ನೋಡದೆ ಚಪ್ಪಲಿ ಹುಡುಕಿಕೊಂಡರು. "ಮಾಸ್ತರರಿಂದ ಕೆಟ್ಟಿತು" ಎಂದು ಅಂಗಳದಲ್ಲಿ ಒಬ್ಬರು ಅಂದದ್ದು ಒಳಗೂ ಕೇಳಿತು.

ಮಲಕಪ್ಪ ಮನೆಗೆ ಬರುವಾಗ ಕಾಡಪ್ಪ ಬೆನ್ನು ತಟ್ಟಿದರು. "ಛೊಲೋ ಆತು ಬೀಗರ, ಸಾಹೇಬನ ಮುಂದಽ ಹೇಳಿದ್ರಿ! ನಮ್ಮಾಕಿಗೆ ಒಂದು ಅನುಮಾನ ಇತ್ರಿ, ಸಣ್ಣದು. ಆಕಿಗೆ ಅಂದೆ, ನೋಡು, ಅವರಽ ಹೇಳ್ಯಾರ, ಇನ್ನ ಮುಗೀತು ಅಂತ."

ನಡುಮನೆಯಲ್ಲಿ ಮಣೆ ಹಾಕಿತ್ತು. ಗೌರಾಬಾಯಿಯ ಚೀಲದಿಂದ ತೆಂಗಿನಕಾಯಿ, ಕುಬಸದ ಕಣ, ಅರಿಷಿಣದ ಬೇರು, ಮಲ್ಲಿಗೆ ದಂಡೆ ಒಂದೊಂದಾಗಿ ಹೊರಗೆ ಬಂದವು. ಕುಸುಮ ಬಂದಳು. ಮಣೆಯ ಮೇಲೆ ಕೂರಲಿಲ್ಲ. ಗೌರಾಬಾಯಿಯ ಎದುರಿಗೆ ನೆಲದ ಮೇಲೆ ಕುಳಿತಳು. ತನ್ನ ದನಿ ತನಗೆ ಕೇಳದವರು ಮಾತಾಡುವಂತೆ, ತುಸು ಗಟ್ಟಿಯಾಗಿ ಹೇಳಿದಳು:

"ನನಗ ಕಿವಿ ಕೇಳಸೂದಿಲ್ರಿ. ಸಣ್ಣಾಕಿ ಇದ್ದಾಗ ಜ್ವರ ಬಂದು ಹೋಗ್ಯಾವು. ವಿಮಾನದ್ದೇನೂ ತಪ್ಪಿಲ್ಲ. ಅವತ್ತು ನೀವು ಏನೋ ಕೇಳಿದ್ರಿ, ನನಗ ತಿಳೀಲಿಲ್ಲ. ಈಗ ಕೇಳ್ರಿ, ಮುಖಾ ನೋಡಿ."

ಭೀಮವ್ವ ಸೆರಗು ಬಾಯಿಗೊತ್ತಿಕೊಂಡರು. ಕಾಡಪ್ಪ ಹೆಂಡತಿಯನ್ನು ನೋಡಿದರು, ಬೀಗರನ್ನು ನೋಡಿದರು. ಗೌರಾಬಾಯಿ ಹುಡುಗಿಯ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿದರು. ಪ್ರತಿ ಮಾತೂ ತುಟಿಯ ಮೇಲೆ ಕಾಣುವಂತೆ ನಿಧಾನವಾಗಿ ಆಡಿದರು.

"ನನಗ ಅವತ್ತಽ ತಿಳದಿತ್ತವಾ. ಬಾಳುಗೂ ಹೇಳಿದ್ದೆ. ಅಂವ ಅಂದ, ಅವರಾಗಿ ಹೇಳಲಿ ಅವ್ವಾ, ಕಾಯೂಣು ಅಂತ. ಒಂದ ವಾರ ಕಾದ್ವಿ." ಆಮೇಲೆ ಮಲಕಪ್ಪನವರ ಕಡೆ ತಿರುಗಿದರು. "ಕಿವಿ ಹೋದದ್ದು ಆಕಿ ತಪ್ಪಲ್ರಿ. ಆದ್ರ ಹತ್ತು ಮಂದಿ ಮುಂದ ನೀವು ಆಕಿಗೆ ಛೊಲೋ ಕೇಳತದ ಅಂದ್ರೆಲ್ಲ, ಅದು ನನಗ ಭಾಳ ಕೆಟ್ಟ ಅನಸ್ತು. ನಾಳೆ ನಮ್ಮ ಮುಂದನೂ ಹಂಗಽ ಅಂತೀರಿ."

ಮಲಕಪ್ಪನವರು ಹಿಂದೆ ಸರಿದು ಕಂಬಕ್ಕೆ ಒರಗಿದರು. ಕಿವಿಯ ಬುಡ ಬಿಸಿಯಾದದ್ದು ಅವರಿಗೇ ಗೊತ್ತಾಗುತ್ತಿತ್ತು.

ಕಾಡಪ್ಪ ರುಮಾಲು ಸರಿಮಾಡಿಕೊಂಡು ಎದ್ದರು. "ಇವತ್ತು ಉಡಿ ತುಂಬೂದು ಬ್ಯಾಡ. ಬಾಳು ಬರ್ಲಿ, ತಾನಽ ಮಾತಾಡ್ಲಿ. ಏನಾಗತದೋ ನನಗ ಹೇಳಾಕ ಬರೂದಿಲ್ಲ."

ಗೌರಾಬಾಯಿ ಕಾಯಿ, ಕಣ, ಅರಿಷಿಣ ಚೀಲಕ್ಕೆ ಹಾಕಿದರು. ಮಲ್ಲಿಗೆ ದಂಡೆಯನ್ನು ಹುಡುಗಿಯ ಕೈಯಲ್ಲಿಟ್ಟರು. "ಹೂವು ಬೆಳಗಾವಿತನಾ ತಾಳೂದಿಲ್ಲ. ಮುಡಕೋ."

ಅವರ ಟಾಂಗಾ ರಸ್ತೆಗೆ ಇಳಿದ ಮೇಲೂ ಮಲಕಪ್ಪ ಕಂಬದ ಹತ್ತಿರವೇ ನಿಂತಿದ್ದರು. ಮಗಳ ಮೇಲೆ ಸಿಟ್ಟು ಬರಲಿ ಎಂದು ಕಾದರು. ಬರಲಿಲ್ಲ. ಕುಸುಮ ಮಣೆ ಎತ್ತಿಡುತ್ತಿದ್ದಳು.

"ಬಾಗಲಾಗ ನಿಂತು ನಾ ಎಲ್ಲಾ ನೋಡೇನಪ್ಪ" ಎಂದಳು. "ನೀ ಅಂದದ್ದೂ ನೋಡೇನಿ. ಮಾಸ್ತರು ಅಂದದ್ದೂ ನೋಡೇನಿ."

ಸಾಹೇಬರ ಮುಂದೆ ಆಡಿದ ಮಾತು ಅವಳಿಗೆ ತಿಳಿಯದು ಎಂದು ಆ ಗಳಿಗೆಯಲ್ಲಿ ಅವರು ನಂಬಿದ್ದಿರಬೇಕು. ಮನೆಯಲ್ಲಿ ಇಷ್ಟು ವರ್ಷ ಅವಳಿಗೆ ಮುಖ ತೋರಿಸಿಯೇ ಮಾತಾಡಿದವರು ಮಲಕಪ್ಪ.

ಅವರು ಮೇಲಂಗಿ ಹಾಕಿಕೊಳ್ಳದೆ, ಹಾಗೆಯೇ ಪಕ್ಕದ ಮನೆಗೆ ಹೋದರು. ಅವಧೂತರು ಪಡಸಾಲೆಯಲ್ಲಿ ಒಬ್ಬರೇ ಜಮಖಾನೆ ಸುತ್ತುತ್ತಿದ್ದರು. ಇವರನ್ನು ಕಂಡು ಅದನ್ನು ಬಿಟ್ಟು ಎದ್ದು, ತಾವೇ ಮೊದಲು ಮಾತಾಡಿದರು.

"ಬನ್ನಿ, ಬನ್ನಿ. ಕ್ಷಮೆ ಕೇಳಲು ನಾನೇ ಬರುವವನಿದ್ದೆ. ಬೀಗರು ಬಂದಿದ್ದಾರೆಂದು ನನಗೆ ತಿಳಿಯದೇ ಹೋಯಿತಲ್ಲ! ಹುಡುಗಿಯ ಹೆಸರೆತ್ತಿ ಎಂಥ ಕೆಲಸ ಮಾಡಿದೆ! ನೀವು ಅಲ್ಲಿ ಬೇರೇನು ಹೇಳಲು ಸಾಧ್ಯವಿತ್ತು? ನನ್ನ ಮಗಳಾಗಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ಈ ರಾಕ್ಷಸ ವಿಮಾನಗಳು ಕಿವಿ ತೆಗೆದವು, ಮೇಲೆ ಅದನ್ನು ಮುಚ್ಚಿಡುವ ಪಾಡು ಬೇರೆ. ಸಂಬಂಧ ಉಳಿಯಿತಷ್ಟೆ?"

ಮಲಕಪ್ಪ ಕಟ್ಟೆಯ ಮೇಲೆ ಕೂರಲಿಲ್ಲ. ನಿಂತೇ ಮರಾಠಿಯಲ್ಲಿ ಶುರುಮಾಡಿದರು. "ಮಾಸ್ತರ, ನೀವು ಬರೆದದ್ದರಲ್ಲಿ ತಪ್ಪು ನಿಮ್ಮದಲ್ಲ. ನಾನು ನಿಮಗೆ ಹೇಳಿದ್ದೇ..."

ಬಯಲಿನ ಕಡೆಯಿಂದ ಗುಡುಗಿನಂತೆ ಎದ್ದ ಸದ್ದು ಹೆಂಚಿನ ಮೇಲೆ ಬಂತು. ದಿನವೆಲ್ಲ ಏಳದ ವಿಮಾನ ಈಗ ಎದ್ದಿತ್ತು. ಮಲಕಪ್ಪನವರು ನಿಲ್ಲಿಸಲಿಲ್ಲ. ಕಣ್ಣು ನೆಲಕ್ಕಿಟ್ಟು ಹೇಳಬೇಕಾದದ್ದನ್ನೆಲ್ಲ ಹೇಳಿದರು: ರವಿವಾರ ಪೇಟೆಯ ಮನೆ, ಜ್ವರ, ಬಾವಿಕಟ್ಟೆಯ ದಿನ ಬಾಯಿಗೆ ಬಂದ ಮಾತು, ಮಧ್ಯಾಹ್ನಕ್ಕೆ ಬೀಗರನ್ನು ಕರೆದದ್ದು. ವಿಮಾನ ಯರವಡೆಯ ಕಡೆ ತಿರುಗಿದಾಗ ಅವರ ಮಾತೂ ಮುಗಿದಿತ್ತು.

ಅವಧೂತರು ಮುಂದೆ ಬಂದು ಅವರ ಭುಜದ ಮೇಲೆ ಕೈಯಿಟ್ಟರು. ಮುಖದಲ್ಲಿ ಅದೇ ಮರುಕವಿತ್ತು. "ಇರಲಿ ಬಿಡಿ ಮಲಕಪ್ಪರಾವ್, ಒಂದು ಅಕ್ಷರವೂ ಕೇಳಲಿಲ್ಲ. ನೀವು ಏನು ಹೇಳುತ್ತೀರೆಂದು ನನಗೆ ಗೊತ್ತು. ಮತ್ತೆ ಹೇಳಿ ನೋಯಬೇಡಿ. ಕೂರಿ, ಚಹಾ ಆಗಲಿ."

ಕೂರಬಹುದಿತ್ತು. ಹೇಳಿ ಆಗಿತ್ತು, ಕೇಳದೇ ಹೋದದ್ದು ವಿಮಾನದ ತಪ್ಪು. ಒಳಗೆ ಸುಲಭಾ ಒಲೆಗೆ ಪಾತ್ರೆ ಇಡುವ ಸಪ್ಪಳವಾಯಿತು. ಅಂಗಳದ ಆಚೆ ಇಬ್ಬರು ಮನೆಮಾಲೀಕರು ಇನ್ನೂ ನಿಂತು ಮಾತಾಡುತ್ತಿದ್ದರು. ದಿಬ್ಬದ ಮೇಲೆ ಈಗ ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿತ್ತು.

ಮಲಕಪ್ಪ ಭುಜದ ಮೇಲಿನ ಆ ಕೈಯನ್ನು ಮೆಲ್ಲನೆ ತೆಗೆದು ಕೆಳಗಿಟ್ಟರು. ತಲೆ ಎತ್ತಿ, ತಮ್ಮ ತುಟಿ ಎದುರಿನವರಿಗೆ ಕಾಣುವಂತೆ ನಿಂತು, ಮೊದಲಿಂದ ಶುರುಮಾಡಿದರು. ಅಂಗಳದಲ್ಲಿದ್ದವರು ಮಾತು ನಿಲ್ಲಿಸಿ ಈ ಕಡೆ ತಿರುಗಿದ್ದು ಅವರಿಗೆ ಕಂಡಿತು.